ಗಡಿಯಾರದ ಮೊಳೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಚಾದರವನ್ನು ಒಬ್ಬರೇ ಮಡಚುವುದಿಲ್ಲ. ಇಸ್ತ್ರಿಯ ಬಿಸಿ ರೋಲರಿನಿಂದ ಹೊರಬಿದ್ದ ಚಾದರದ ಎರಡು ಮೂಲೆ ಒಬ್ಬಳ ಕೈಯಲ್ಲಿ, ಇನ್ನೆರಡು ಎದುರಿನವಳ ಕೈಯಲ್ಲಿ. ಜಗ್ಗಿ, ಕೊಡವಿ, ಎದುರೆದುರಾಗಿ ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಮತ್ತೆ ಹಿಂದೆ ಸರಿಯಬೇಕು, ಮತ್ತೆ ಹತ್ತಿರ ಬರಬೇಕು.

"ನನ್ನ ಗಂಡನ ಮುಖಾನೂ ಇಷ್ಟು ಸಲ ನೋಡಿಲ್ಲ ಕಣೆ. ನಿನ್ನ ಮುಖ ನೋಡಿ ನೋಡಿ ಸಾಕಾಗಿ ಹೋಯ್ತು" ಎಂದು ಜೊತೆಗಾತಿ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಇಸ್ತ್ರಿಯಮ್ಮ ನಗುತ್ತಿದ್ದಳು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ಅಂದು ಮಾತ್ರ ಅವಳು ನಗಲಿಲ್ಲ. ಮರುದಿನ ಕಾಲೇಜಿನವರು ಮನೆ ನೋಡಲು ಬರುವವರಿದ್ದರು. ಅವಳ ಕೈ ಚಾದರದ ಮೇಲಿತ್ತು, ಮನಸ್ಸು ಮನೆಯ ಸುಣ್ಣ ಹೋದ ಗೋಡೆಯ ಮೇಲಿತ್ತು.

ಕಾಲೇಜೆಂದರೆ ಅಂಥಿಂಥ ಕಾಲೇಜಲ್ಲ. ಆಸ್ಪತ್ರೆಯ ದೊಡ್ಡ ಡಾಕ್ಟರುಗಳೆಲ್ಲ ಓದಿ ಬಂದದ್ದು ಅಲ್ಲೇ. ಅವರ ಬಿಳಿ ಕೋಟುಗಳ ಕಾಲರನ್ನು ಇಸ್ತ್ರಿಯಮ್ಮ ವರ್ಷಗಟ್ಟಲೆ ತೀಡಿದ್ದಳು. ಅಲ್ಲಿ ಒಂದು ಯೋಜನೆ ಇತ್ತು. ಇಲ್ಲದವರ ಮನೆಯ, ಮುಂದೆ ಬರುವ ಲಕ್ಷಣವಿರುವ ಮಕ್ಕಳನ್ನು ಆರಿಸಿ, ಫೀಸು, ಹಾಸ್ಟೆಲು, ಪುಸ್ತಕ ಎಲ್ಲವನ್ನೂ ಕಾಲೇಜೇ ನೋಡಿಕೊಳ್ಳುತ್ತಿತ್ತು. ಒಂದು ಶಾಲೆಗೆ ಒಂದೇ ಸೀಟು. ಪರೀಕ್ಷೆ, ಸಂದರ್ಶನ ಎಲ್ಲ ಮುಗಿದು ಈ ಶಾಲೆಯಿಂದ ಕೊನೆಗೆ ಉಳಿದವರು ಇಬ್ಬರು. ಇಬ್ಬರೂ ಒಂದೇ ಸಾಲುಮನೆಯವರು, ಗೋಡೆಗೆ ಗೋಡೆ ಅಂಟಿಕೊಂಡವರು. ಒಬ್ಬಳು ಇಸ್ತ್ರಿಯಮ್ಮನ ಮಗಳು. ಯಾವುದಕ್ಕೂ ಎದುರು ಪ್ರಶ್ನೆ ಹಾಕುತ್ತಾಳೆಂದು ಸಾಲಿನವರು ಅವಳಿಗೆ ಇಟ್ಟ ಹೆಸರು ಪ್ರೊಫೆಸರು. ಇನ್ನೊಬ್ಬ ಪಕ್ಕದ ಮನೆಯ ಟೈಲರಕ್ಕನ ಮಗ. ಕಡ್ಡಿಯಂಥ ಮೈ, ಅದಕ್ಕೇ ಸೂಜಿ. ಅಂಕದಲ್ಲಿ ಪ್ರೊಫೆಸರು ಮುಂದೆ, ಸೂಜಿ ಒಂದು ಹೆಜ್ಜೆ ಹಿಂದೆ. ಬಾಕಿ ಇದ್ದದ್ದು ಮನೆ ನೋಡುವುದು ಮಾತ್ರ. ಇಸ್ತ್ರಿಯಮ್ಮನ ಮನೆಗೆ ನಾಳೆ, ಟೈಲರಕ್ಕನ ಮನೆಗೆ ಮುಂದಿನ ವಾರ ಎಂದು ಶಾಲೆಯ ಮೇಷ್ಟ್ರು ಹೇಳಿ ಕಳಿಸಿದ್ದರು.

ಆ ಸಾಲುಮನೆಗೆ ಒಂದು ಪದ್ಧತಿ ಇತ್ತು. ಯಾರ ಮನೆಗೆ ಹೊರಗಿನವರು ಬರಲಿ, ಹೆಣ್ಣು ನೋಡುವವರೇ ಆಗಲಿ, ಬ್ಯಾಂಕಿನವರೇ ಆಗಲಿ, ಸಾಲಿನಲ್ಲಿದ್ದ ಒಳ್ಳೆಯ ಸಾಮಾನೆಲ್ಲ ಆ ಮನೆಗೆ ಹೋಗುತ್ತಿತ್ತು. ಒಬ್ಬರ ಪರದೆ, ಇನ್ನೊಬ್ಬರ ಗಾಜಿನ ಲೋಟ, ಮತ್ತೊಬ್ಬರ ನೆಲಹಾಸು. ಯಾರೂ ಕೇಳಬೇಕಾಗಿರಲಿಲ್ಲ. ಬಂದವರು ಹೋದ ಮೇಲೆ ಎಲ್ಲ ತಂತಮ್ಮ ಮನೆಗೆ ಹಿಂತಿರುಗುತ್ತಿತ್ತು. ಹೀಗೆ ಸಾಲಿನ ಪ್ರತಿ ಮನೆಯೂ ಆಯಾ ದಿನಕ್ಕೆ ಚೆಂದದ ಮನೆಯೇ.

ಸಾಲಿನಲ್ಲಿ ಹೆಚ್ಚು ಸಾಮಾನಿದ್ದದ್ದು ಟೈಲರಕ್ಕನ ಬಳಿ. ಅವಳ ಅಂಗಡಿಯಲ್ಲಿ ಹೊಲಿಸಿಕೊಂಡ ಒಂದು ದೊಡ್ಡ ಸಂಸಾರ ಊರು ಬಿಡುವಾಗ, ಮಜೂರಿಯ ಬದಲಿಗೆ ಒಂದು ಸೋಫಾ, ಒಂದು ಪುಟ್ಟ ಫ್ರಿಜ್ಜು, ಒಂದು ಗೋಡೆ ಗಡಿಯಾರ ಬಿಟ್ಟುಹೋಗಿತ್ತು. ಹಾಗಾಗಿ ಇಡೀ ಸಾಲಿಗೆ ಅದೊಂದೇ ಸೋಫಾ, ಅದೊಂದೇ ಫ್ರಿಜ್ಜು.

ಬೆಳಗಾಗುತ್ತಲೇ ಟೈಲರಕ್ಕ ಸೋಫಾದ ಒಂದು ತುದಿ ಹಿಡಿದು ಬಂದಳು. ಇನ್ನೊಂದು ತುದಿಯಲ್ಲಿ ಸೂಜಿ, ಏದುಸಿರು ಬಿಡುತ್ತ.

"ಏ, ಎತ್ತಿ ಹಿಡ್ಕೊಳೋ. ಉಣ್ಣೋದೆಲ್ಲ ಎಲ್ಲಿಗೆ ಹೋಗುತ್ತೋ ನಿಂಗೆ" ಎಂದು ಗದರಿ, ಇಸ್ತ್ರಿಯಮ್ಮನತ್ತ ತಿರುಗಿ, "ಎಲ್ಲಿಡ್ಲೇ? ಕಿಟಕಿ ಪಕ್ಕ ಇಟ್ರೆ ಹರಿದಿರೋ ಕಡೆ ಗೋಡೆಗೆ ಬರುತ್ತೆ" ಅಂದಳು.

ಪ್ರೊಫೆಸರು ಬಾಗಿಲಿಗೆ ಅಡ್ಡ ನಿಂತಳು.

"ಬೇಡ ಅಮ್ಮ. ಅವರು ಬರ್ತಿರೋದು ನಾವು ಬಡವರಾ ಅಲ್ವಾ ಅಂತ ನೋಡೋಕೆ. ಬೀಗರು ಬರ್ತಿಲ್ಲ."

"ಬಡತನ ನೋಡೋಕೆ ಬಂದವರು ನಿಂತ್ಕೊಂಡೇ ಇರಬೇಕೇನೇ?"

"ಚಾಪೆ ಮೇಲೆ ಕೂರ್ತಾರೆ."

"ಚಾಪೆ!" ಇಸ್ತ್ರಿಯಮ್ಮನ ದನಿ ಏರಿತು. "ಅವರ ಕೋಟುಗಳಿಗೆ ಇಸ್ತ್ರಿ ಹಾಕೋಳು ನಾನು. ಎಂಥವರು ಅಂತ ನಂಗೊತ್ತು. ಗಲೀಜು ಕಂಡ್ರೆ ಮೂಗು ಮುರೀತಾರೆ. ಇಂಥ ಮನೆಯಿಂದ ಬಂದೋಳು ನಮ್ಮ ಮಕ್ಕಳ ಜೊತೆ ಹೇಗೆ ಕೂರ್ತಾಳೆ ಅಂತ ಯೋಚಿಸಲ್ವಾ? ಬಡವರು ಬೇರೆ, ಗತಿಗೆಟ್ಟವರು ಬೇರೆ. ತೋರಿಸಬೇಕಾದ್ದು ಅದನ್ನ."

"ಅಮ್ಮಾ, ಅವರ ಲೆಕ್ಕ ಹಾಗಿರಲ್ಲ..."

"ಸುಮ್ನಿರು, ಪ್ರೊಫೆಸರೇ" ಎಂದು ಟೈಲರಕ್ಕ ಅವಳ ಬೆನ್ನಿಗೊಂದು ಹುಸಿ ಏಟು ಕೊಟ್ಟಳು. "ಸೀಟು ನಿಂದೇ ಕಣೆ. ನಮ್ಮ ಸೂಜಿ ಏನೋ ಗುಂಪಲ್ಲಿ ಗೋವಿಂದ ಅಂತ ಅಲ್ಲೀವರೆಗೆ ಬಂದಿದ್ದಾನೆ. ನೀನು ಹೋದ್ರೆ ಅವನು ಹೋದ ಹಾಗೇನೇ. ಅಲ್ವೇನೋ?"

ಸೂಜಿ ನೆಲ ನೋಡುತ್ತ "ಹೂಂ" ಅಂದ. ಅದರಲ್ಲಿ ಎಷ್ಟು ನಿಜವಿತ್ತೋ ಅವನಿಗೇ ಗೊತ್ತು.

ಫ್ರಿಜ್ಜು ಬಂತು, ಒಳಗಿದ್ದ ತಣ್ಣೀರಿನ ಬಾಟಲಿಗಳ ಸಮೇತ. ಗಡಿಯಾರ ಬಂತು. ಇಸ್ತ್ರಿಯಮ್ಮನ ಗೋಡೆಯಲ್ಲಿ ಮೊಳೆ ಇರಲಿಲ್ಲ. ಟೈಲರಕ್ಕ ಮತ್ತೆ ಮನೆಗೆ ಓಡಿ, ಗಡಿಯಾರ ತೂಗಿದ್ದ ಮೊಳೆಯನ್ನೇ ಕಿತ್ತು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದು, ಕಲ್ಲಿನಿಂದ ತಾನೇ ಹೊಡೆದಳು. ಸುಣ್ಣ ಉದುರಿ ಅವಳ ತಲೆಗೂದಲೆಲ್ಲ ಬೆಳ್ಳಗಾಯಿತು. "ನೋಡೇ, ನಿನ್ನ ಮಗಳು ಡಾಕ್ಟ್ರಾಗಿ ಬರೋ ಹೊತ್ತಿಗೆ ನಾನು ಹೀಗೇ ಕಾಣ್ತೀನಿ" ಎಂದು ನಕ್ಕಳು. ಇಸ್ತ್ರಿಯಮ್ಮ ಅವಳ ತಲೆ ಕೊಡವಿದಳು. ಪ್ರೊಫೆಸರು ನಗಲಿಲ್ಲ.

ಬಂದವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೆಗಲಿಗೊಂದು ಚೀಲ, ಕೈಯಲ್ಲಿ ಫೋನು. ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದಳು. ಇಸ್ತ್ರಿಯಮ್ಮನಿಗೆ ಮೊದಲ ನೋಟಕ್ಕೇ ಹಿಡಿಸಿದಳು. ಸೋಫಾದ ಮೇಲೆ ಕೂತು, ಒಂದು ಕ್ಷಣ ಕೋಣೆಯಲ್ಲೆಲ್ಲ ಕಣ್ಣಾಡಿಸಿದಳು. ಇಸ್ತ್ರಿಯಮ್ಮ ಫ್ರಿಜ್ಜಿನ ಬಾಗಿಲು ತೆರೆದು ನೀರು ಬಗ್ಗಿಸಿ ಗಾಜಿನ ಲೋಟದಲ್ಲಿ ಕೊಟ್ಟಳು.

"ಚೆನ್ನಾಗಿ ತಣ್ಣಗಿದೆ" ಅಂದಳು ಬಂದವಳು. "ಫ್ರಿಜ್ ಯಾವಾಗ ತಗೊಂಡ್ರಿ ಅಮ್ಮಾ?"

"ಹೋದ ವರ್ಷ" ಎಂದು ಇಸ್ತ್ರಿಯಮ್ಮನ ಬಾಯಿಂದ ಸಲೀಸಾಗಿ ಬಂತು. ಆ ಮಾತು ಎಲ್ಲಿಂದ ಬಂತೋ ಅವಳಿಗೂ ತಿಳಿಯಲಿಲ್ಲ. ಸಾಲಿನಲ್ಲಿ ಯಾರಾದರೂ ಹಾಗೆಯೇ ಹೇಳುತ್ತಿದ್ದರು. ಮಗಳ ಕತ್ತು ಬಗ್ಗಿತು. ತಾಯಿಯ ಮಾತನ್ನು ಹೊರಗಿನವರ ಮುಂದೆ ಸುಳ್ಳು ಮಾಡುವುದು ಹೇಗೆ?

"ಮನೆಯವರು?"

"ಇವಳು ಚಿಕ್ಕೋಳಿದ್ದಾಗಲೇ ಹೋದ್ರು."

"ಹಾಗಾದ್ರೆ ನಿಮ್ಮೊಬ್ಬರ ದುಡಿಮೇಲೇ ಇಷ್ಟೆಲ್ಲ?"

ಇಸ್ತ್ರಿಯಮ್ಮನಿಗೆ ಅದು ಹೊಗಳಿಕೆಯಂತೆ ಕೇಳಿತು. "ಯಾರ ಹತ್ರಾನೂ ಕೈ ಚಾಚಿಲ್ಲ ಮೇಡಂ" ಅಂದಳು.

ಮೇಡಂ ಮುಗುಳ್ನಕ್ಕಳು. ಮಗಳನ್ನು ಓದಿನ ಬಗ್ಗೆ ಒಂದೆರಡು ಮಾತು ಕೇಳಿದಳು, ಮಗಳು ಚೆನ್ನಾಗಿಯೇ ಉತ್ತರಿಸಿದಳು. ಫೋನಿನಲ್ಲಿ ಕೋಣೆಯ ಫೋಟೋ ತೆಗೆದುಕೊಂಡು ಎದ್ದವಳು, ಬಾಗಿಲಲ್ಲಿ ನಿಂತು ಕೇಳಿದಳು. "ಇನ್ನೊಬ್ಬ ಹುಡುಗನ ಮನೆ ಪಕ್ಕದ್ದೇ ಅಂತಲ್ಲ? ಇಷ್ಟು ದೂರ ಬಂದಿದ್ದೀನಿ, ಅದನ್ನೂ ಮುಗಿಸಿಬಿಡ್ತೀನಿ."

ಬಾಗಿಲ ಹೊರಗೆ ಕಿವಿಯಾಗಿ ನಿಂತಿದ್ದ ಟೈಲರಕ್ಕನ ಮುಖ ಬಿಳಿಚಿಕೊಂಡಿತು. ಅವಳು ಇಸ್ತ್ರಿಯಮ್ಮನನ್ನು ನೋಡಿದಳು. ಇಸ್ತ್ರಿಯಮ್ಮ ಅವಳನ್ನು ನೋಡಿದಳು. ಸೋಫಾ, ಫ್ರಿಜ್ಜು, ಗಡಿಯಾರ ಎಲ್ಲ ಇಲ್ಲಿದ್ದವು. ಲೋಟಗಳೂ ಇಲ್ಲೇ. ಅಲ್ಲಿ ಉಳಿದದ್ದು ಒಲೆ, ಬಕೆಟ್ಟು, ಹಗ್ಗದ ಮೇಲಿನ ಬಟ್ಟೆ.

"ಬನ್ನಿ ಮೇಡಂ" ಅಂದಳು ಟೈಲರಕ್ಕ. ಬೇರೇನು ಅನ್ನುವುದು? ನನ್ನ ಸಾಮಾನು ಪಕ್ಕದಲ್ಲಿದೆ ಎಂದರೆ ಗೆಳತಿಯ ಮಾನ ಬೀದಿಗೆ ಬೀಳುತ್ತಿತ್ತು.

ನಡುಗೋಡೆ ತೆಳು. ಬಕೆಟ್ಟು ಬೋರಲು ಹಾಕಿದ ಸದ್ದು, "ಇದರ ಮೇಲೆ ಕೂತ್ಕೊಳ್ಳಿ ಮೇಡಂ, ಬೇಜಾರು ಮಾಡ್ಕೋಬೇಡಿ" ಎಂಬ ಟೈಲರಕ್ಕನ ದನಿ, ಆಮೇಲೆ ಮೇಡಂಳ ಮೆತ್ತಗಿನ ಮಾತು ಇವೆಲ್ಲ ಈಚೆಗೆ ಕೇಳಿದವು. ಟೈಲರಕ್ಕ ಹೆಚ್ಚು ಮಾತಾಡಲಿಲ್ಲ. ಬಾಯಿಬಡುಕಿ ಎಂದು ಹೆಸರಾದವಳು ಅಂದು ಹೂಂ, ಉಹೂಂಗಳಲ್ಲೇ ಮುಗಿಸಿದಳು.

ಸಂಜೆಯೊಳಗೆ ಸಾಮಾನೆಲ್ಲ ಹಿಂತಿರುಗಿತು. ಮೊಳೆಯೊಂದು ಗೋಡೆಯಲ್ಲೇ ಉಳಿಯಿತು. "ಇರ್ಲಿ ಬಿಡೇ, ಇನ್ನೊಂದು ಹೊಡ್ಕೋತೀನಿ. ನಿಂಗೂ ಒಂದು ಗಡಿಯಾರ ಬರುತ್ತಲ್ಲ" ಅಂದಿದ್ದಳು ಟೈಲರಕ್ಕ.

ಸೀಟು ಸೂಜಿಗೆ ಸಿಕ್ಕಿತು.

ಮೇಷ್ಟ್ರು ಬಂದು ಹೇಳಿದರು. ಅಂಕದಲ್ಲಿ ನಿನ್ನ ಮಗಳೇ ಮೇಲು, ಆದರೆ ಮನೆಯ ಪರಿಸ್ಥಿತಿ ಆ ಹುಡುಗನದು ತೀರಾ ಕಷ್ಟವಂತೆ ಎಂದರು. ಟೈಲರಕ್ಕ ಅಳುತ್ತ ಬಂದು ಇಸ್ತ್ರಿಯಮ್ಮನ ಕೈ ಹಿಡಿದುಕೊಂಡಳು. ಸಂತೋಷಕ್ಕೋ ಸಂಕಟಕ್ಕೋ ಹೇಳುವುದು ಕಷ್ಟ. "ನಾನು ಬೇಕಂತ ಮಾಡಿದ್ದಲ್ಲ ಕಣೆ. ಒಂದು ಮಾತು ಆಡಿಲ್ಲ ನಾನು. ನಿನ್ನ ಸಲುವಾಗೇ ಬಾಯಿಗೆ ಬೀಗ ಹಾಕ್ಕೊಂಡೆ."

"ನಂಗೊತ್ತು" ಅಂದಳು ಇಸ್ತ್ರಿಯಮ್ಮ. ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದ ಎದೆಯ ಭಾರವೇನೂ ಇಳಿಯಲಿಲ್ಲ.

ಮಗಳು ಬೈಯಲಿಲ್ಲ, ಕೂಗಾಡಲಿಲ್ಲ. ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ ಮಂಚದ ಕೆಳಗೆ ತಳ್ಳಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಮರುಮಾತು ಇರುತ್ತದೆ.

"ನಾನು ಹೋಗಿ ಹೇಳ್ತೀನಿ" ಅಂದಳು ಇಸ್ತ್ರಿಯಮ್ಮ ಒಂದು ಬೆಳಿಗ್ಗೆ. "ಆ ಸಾಮಾನು ನಮ್ಮದಲ್ಲ ಅಂತ ಹೇಳ್ತೀನಿ. ಆ ಮೇಡಂ ಒಳ್ಳೆಯವಳು, ಮತ್ತೊಂದು ಸಲ ಬಂದು ನೋಡಲಿ. ಇಬ್ಬರಿಗೂ ಕೊಡೋಕಾಗಲ್ವಾ ಅಂತ ಕೇಳ್ತೀನಿ."

ಮಗಳು ತಲೆ ಎತ್ತಿದಳು. "ಎರವಲು ತಂದಿದ್ವಿ ಅಂತ ಬೇಕಾದ್ರೆ ಹೇಳು. ಅವರ ಹೆಸರು ಮಾತ್ರ ಎತ್ತಬೇಡ ಅಮ್ಮ. ಸೂಜಿದೂ ಹೋಗುತ್ತೆ."

"ಅಷ್ಟೂ ಗೊತ್ತಾಗಲ್ವೇನೇ ನಂಗೆ?"

ಕಾಲೇಜಿನ ಕಚೇರಿಯ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ಇಸ್ತ್ರಿಯಮ್ಮ ಅದನ್ನು ಕೈಯಲ್ಲೇ ಹಿಡಿದು ಬೆಂಚಿನ ತುದಿಗೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಒಳಗೆ ಕರೆದರು. ಮೇಜಿನ ಹಿಂದೆ ಇದ್ದವಳು ಅದೇ ಮೇಡಂ.

ಇಸ್ತ್ರಿಯಮ್ಮ ಕೂತ ತಕ್ಷಣ ಹೇಳಿಬಿಟ್ಟಳು. "ಅವೊತ್ತು ನೀವು ನೋಡಿದ್ದು ನಮ್ಮ ಸಾಮಾನಲ್ಲ ಮೇಡಂ. ಎರವಲು. ನೀವು ಬರ್ತೀರಂತ ತಂದಿದ್ದು."

ಮೇಡಂ ಪೆನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಎಲ್ಲರೂ ಬಂದು ಇದನ್ನೇ ಹೇಳ್ತಾರೆ ಅಮ್ಮಾ. ಸೀಟು ಕೈ ತಪ್ಪಿದ ಮೇಲೆ ಮನೆಯಲ್ಲಿರೋದೆಲ್ಲ ಬೇರೆಯವರದ್ದಾಗುತ್ತೆ. ಹೋದ ವರ್ಷ ತಗೊಂಡಿದ್ದು ಅಂತ ನೀವೇ ಹೇಳಿದ್ರಿ."

"ಸುಳ್ಳು ಹೇಳ್ದೆ."

"ಅವತ್ತು ಸುಳ್ಳು ಹೇಳಿದ್ರಾ, ಇವತ್ತು ಹೇಳ್ತಿದ್ದೀರಾ, ನಾನು ಹೇಗೆ ತಿಳ್ಕೊಳ್ಳಲಿ?"

ಇಸ್ತ್ರಿಯಮ್ಮ ಕೈಯಲ್ಲಿದ್ದ ಚಪ್ಪಲಿಯನ್ನು ಮಡಿಲಿಗಿಟ್ಟುಕೊಂಡು ಮತ್ತೆ ನೆಲಕ್ಕಿಟ್ಟಳು. "ಕಷ್ಟ ನಂಗೂ ಇದೆ ಮೇಡಂ" ಅಂದಳು.

ಮೇಡಂ ಸ್ವಲ್ಪ ಯೋಚಿಸಿ ಕಂಪ್ಯೂಟರಿನ ಪರದೆಯನ್ನು ಇವಳತ್ತ ತಿರುಗಿಸಿದಳು. "ತೋರಿಸಬಾರದು. ಆದ್ರೂ ನಿಮಗೆ ಸಮಾಧಾನ ಆಗ್ಲಿ ಅಂತ ತೋರಿಸ್ತೀನಿ. ಆ ಹುಡುಗನ ಮನೆ ನೋಡಿ. ಕೂರೋಕೆ ಒಂದು ಕುರ್ಚಿ ಇಲ್ಲ. ನನ್ನನ್ನ ಬಕೆಟ್ ಮೇಲೆ ಕೂರಿಸಿದ್ರು, ಪಾಪ. ಸ್ಟೀಲ್ ಲೋಟ ಕೂಡ ಒಂದೇ. ಇವರಿಗಿಂತ ನಿಮ್ಮ ಕಷ್ಟ ಹೆಚ್ಚಾ? ನೀವೇ ಹೇಳಿ."

ಇಸ್ತ್ರಿಯಮ್ಮ ನೋಡಿದಳು. ಅದು ಟೈಲರಕ್ಕನ ಕೋಣೆಯೇ. ತಾನು ವರ್ಷಗಳಿಂದ ಒಳಗೂ ಹೊರಗೂ ಓಡಾಡಿದ ಕೋಣೆ. ಸೋಫಾದ ಮೇಲೆ ಕೂತು ತಾನು ಹರಟೆ ಹೊಡೆದ ಜಾಗದಲ್ಲಿ ಈಗ ಏನೂ ಇರಲಿಲ್ಲ. ಗೋಡೆ ಮಾಸಿ ಕಂದಾಗಿತ್ತು. ಆ ಕಂದುಬಣ್ಣದ ನಡುವೆ, ನೆಲದಿಂದ ಸೊಂಟದೆತ್ತರದವರೆಗೆ ಒಂದು ಬಿಳಿ ಚೌಕ. ಮೇಲೆ ಒಂದು ಬಿಳಿ ವೃತ್ತ. ವೃತ್ತದ ನಡುವೆ ಮೊಳೆ ಕಿತ್ತ ತೂತು.

ಇವರಿಗಿಂತ ನಿಮ್ಮ ಕಷ್ಟ ಹೆಚ್ಚಾ ಎಂಬ ಮಾತು ಕಿವಿಯಲ್ಲೇ ಸುತ್ತುತ್ತಿತ್ತು. ಗಂಡ ಹೋದ ದಿನದಿಂದ ಇಂದಿನವರೆಗೆ ಅವಳು ಯಾರ ಮುಂದೆಯೂ ತನ್ನ ಕಷ್ಟವನ್ನು ಇನ್ನೊಬ್ಬರದರ ಪಕ್ಕ ಇಟ್ಟು ತೂಗಿದವಳಲ್ಲ. ಇಂದು ತೂಗಿದರು, ತಕ್ಕಡಿ ಸುಳ್ಳು ಹೇಳಿತು. ಮಗಳ ಮಾತು ನೆನಪಿತ್ತು. ಬಾಯಿ ಬಿಗಿಹಿಡಿದಿದ್ದಳು. ಆದರೆ ಕೈ ಮೇಲೆದ್ದಿತು. ದಿನವಿಡೀ ಕಲೆ ತೋರಿಸಿ ಚಾದರವನ್ನು ಬದಿಗೆ ಎಸೆಯುವ ಕೈ ಅದು. ಅದರ ಬೆರಳು ಪರದೆಯ ಮೇಲಿನ ಬಿಳಿ ಚೌಕಕ್ಕೆ ತಾಗಿತು. ಆಮೇಲೆ ವೃತ್ತಕ್ಕೆ.

ಮೇಡಂ ಚೌಕ ನೋಡಿದಳು. ಗುಂಡಿ ಒತ್ತಿ ಇನ್ನೊಂದು ಫೋಟೋ ತೆರೆದಳು. ಅದರಲ್ಲಿ ಇಸ್ತ್ರಿಯಮ್ಮನ ಕೋಣೆ, ಫ್ರಿಜ್ಜು, ಫ್ರಿಜ್ಜಿನ ಮೇಲೆ ಗಡಿಯಾರ. ಎರಡನ್ನೂ ಅಕ್ಕಪಕ್ಕ ಇಟ್ಟಳು.

"ಓ" ಅಂದಳು.

ಇಸ್ತ್ರಿಯಮ್ಮ ಎದ್ದು ನಿಂತಳು. "ಬೇಡ ಮೇಡಂ. ನಾನೇನೂ ಹೇಳಿಲ್ಲ. ಆ ಹುಡುಗನದ್ದು ಹಾಗೇ ಇರ್ಲಿ. ನನ್ನ ಮಗಳಿಗೆ ಬೇಡ, ಅವನಿಗಿರ್ಲಿ. ಅವರದ್ದೇನೂ ತಪ್ಪಿಲ್ಲ, ಎಲ್ಲ ನನ್ನದೇ."

"ಕೂತ್ಕೊಳ್ಳಿ ಅಮ್ಮಾ."

"ನಾನು ಹೇಳಿದ್ದು ಸುಳ್ಳು ಅನ್ಕೊಳ್ಳಿ. ಹೊಟ್ಟೆಕಿಚ್ಚಿಗೆ ಹೇಳಿದೆ ಅನ್ಕೊಳ್ಳಿ."

ಮೇಡಂಳ ಕಣ್ಣಲ್ಲಿ ನೀರಿತ್ತೋ ಏನೋ. ಅವಳು ಕೆಟ್ಟವಳಲ್ಲ. ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನುವ ಅಧಿಕಾರ ಅವಳಿಗೆ ಇರಲಿಲ್ಲ. ಮೇಲಿನವರಿಗೆ ಹೇಳಲೇಬೇಕು ಅಂದಳು. ಇದ್ದದ್ದನ್ನು ಬಚ್ಚಿಟ್ಟ ಮನೆ, ಇಲ್ಲದ್ದನ್ನು ತೋರಿಸಿದ ಮನೆ, ಎರಡೂ ಅವರ ನಿಯಮದಲ್ಲಿ ಒಂದೇ ಅಂದಳು. ಈ ಸೀಟು ಇನ್ನು ಬೇರೆ ಶಾಲೆಗೆ ಹೋಗುತ್ತದೆ ಅಂದಳು.

ಇಸ್ತ್ರಿಯಮ್ಮ ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು.

"ಹೆಸರು ಹೇಳಿದ್ಯಾ?"

"ಹೆಸರು ಹೇಳಲಿಲ್ಲ."

ಮಗಳು ತಾಯಿಯ ಮುಖವನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋದಳು.

ಸುದ್ದಿ ಟೈಲರಕ್ಕನಿಗೆ ಮುಟ್ಟಿದ ದಿನ ಸಾಲಿಡೀ ಉಸಿರು ಬಿಗಿಹಿಡಿದು ಕಾದಿತ್ತು. ಟೈಲರಕ್ಕನ ಬಾಯಿ ಸಾಲಿಗೆಲ್ಲ ಗೊತ್ತಿತ್ತು. ನಲ್ಲಿಯ ಬಳಿ ಕೊಡ ಹಿಡಿದವರು ತುಂಬಿದ ಮೇಲೂ ನಿಂತೇ ಇದ್ದರು. ಅವಳು ಬಂದಳು. ಇಸ್ತ್ರಿಯಮ್ಮನ ಹೊಸ್ತಿಲ ಆಚೆಯೇ ನಿಂತಳು.

"ನನ್ನ ಮೊಳೆ ಕೊಡು" ಅಂದಳು.

"ಏನು?"

"ಗಡಿಯಾರದ ಮೊಳೆ. ನಿನ್ನ ಗೋಡೇಲಿದೆ. ಕೊಡು."

"ಅಕ್ಕಾ, ಒಳಗೆ ಬಾ. ನಾನು ಬಾಯಿ ಬಿಡಲಿಲ್ಲ. ಅವಳು ಫೋಟೋ ತೋರಿಸಿದಳು, ನನ್ನ ಕೈ..."

"ಮೊಳೆ ಕೊಡೇ."

ಇಸ್ತ್ರಿಯಮ್ಮ ಗೋಡೆಯ ಬಳಿ ಹೋದಳು. ಬೆರಳಿನಿಂದ ಅಲ್ಲಾಡಿಸಿದಳು, ಬರಲಿಲ್ಲ. ಟೈಲರಕ್ಕ ಅದನ್ನು ಗಟ್ಟಿಯಾಗಿಯೇ ಹೊಡೆದಿದ್ದಳು. ಚಿಮಟದಲ್ಲಿ ಹಿಡಿದು ಎಳೆದಳು. ಮೊಳೆಯ ಜೊತೆ ಅಂಗೈ ಅಗಲದ ಸುಣ್ಣದ ಹಕ್ಕಳೆ ಉದುರಿ ನೆಲಕ್ಕೆ ಬಿತ್ತು, ಒಳಗಿನ ಇಟ್ಟಿಗೆ ಕಾಣಿಸಿತು. ಟೈಲರಕ್ಕ ಮೊಳೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೊರಟುಹೋದಳು. ಸ್ವಲ್ಪ ಹೊತ್ತಿಗೆ ನಡುಗೋಡೆಯ ಆಚೆಯಿಂದ ಕಲ್ಲಿನ ಏಟು ಕೇಳಿಸಿತು.

ಅದಾದ ಮೇಲೆ ಸಾಲಿನ ಕೊನೆಯ ಮನೆಗೆ ಹೆಣ್ಣು ನೋಡಲು ಬಂದರು. ಯಾರ ಮನೆಯಿಂದಲೂ ಪರದೆ ಹೋಗಲಿಲ್ಲ, ಲೋಟ ಹೋಗಲಿಲ್ಲ. ಕೇಳಲೂ ಇಲ್ಲ, ಕೊಡಲೂ ಇಲ್ಲ. ಬಂದವರು ಬಂದಷ್ಟೇ ಬೇಗ ಎದ್ದು ಹೋದರು.

ಸೂಜಿ ತಾಯಿಯ ಅಂಗಡಿಯಲ್ಲಿ ಗುಂಡಿ ಹೊಲಿಯಲು ಕೂತ. ಪ್ರೊಫೆಸರನ್ನು ಆ ಹೆಸರಿನಿಂದ ಕರೆಯುವುದನ್ನು ಸಾಲಿನವರು ಬಿಟ್ಟರು. ಬೇರೆ ಹೆಸರು ಹುಡುಕುವ ಹುರುಪು ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಲಾಂಡ್ರಿಯ ಜೊತೆಗಾತಿ ಸೊಂಟ ಹಿಡಿದು ಕೆಲಸ ಬಿಟ್ಟಳು. ಖಾಲಿಯಾದ ಜಾಗಕ್ಕೆ ಮೇಲ್ವಿಚಾರಕ ಯಾರಾದರೂ ಇದ್ದಾರಾ ಎಂದು ಕೇಳಿದ. ಇಸ್ತ್ರಿಯಮ್ಮ ಬಾಯಿ ತೆರೆಯುವ ಮುಂಚೆ ಬೇರೆ ಯಾರೋ ಹೇಳಿದರು. "ಇವಳ ಮಗಳಿದ್ದಾಳಲ್ಲ, ಮನೇಲೇ ಇದ್ದಾಳೆ."

ಮೊದಲ ದಿನ ಮಗಳಿಗೆ ಕೊಟ್ಟ ಏಪ್ರನ್ನು ದೊಡ್ಡದಾಯಿತು. ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡಳು. ರೋಲರಿನಿಂದ ಚಾದರ ಹೊರಬಿತ್ತು, ಹಬೆಯಾಡುತ್ತ.

"ಬಿಸಿ ಇರುತ್ತೆ, ಹುಷಾರು. ಮೂಲೆ ಹಿಡ್ಕೋ" ಅಂದಳು ತಾಯಿ.

ಮಗಳು ಹಿಡಿದುಕೊಂಡಳು. ಇಬ್ಬರೂ ಜಗ್ಗಿದರು, ಕೊಡವಿದರು. ಇಸ್ತ್ರಿಯಮ್ಮ ಮುಂದೆ ನಡೆದಳು, ಮಗಳೂ ನಡೆದು ಬಂದಳು, ಕೈಗೆ ಕೈ ತಾಗಿತು. ಮಗಳು ಮೂಲೆಗಳನ್ನು ತಾಯಿಯ ಬೆರಳುಗಳಿಗೆ ಒಪ್ಪಿಸಿ, ಕೆಳಗಿನ ಮಡಿಕೆ ಹಿಡಿದು ಹಿಂದೆ ಸರಿದಳು. ಕೆಲಸವನ್ನು ಬೇಗ ಕಲಿತಳು, ಕಲಿಯುವುದರಲ್ಲಿ ಅವಳು ಎಂದೂ ಹಿಂದೆ ಬಿದ್ದವಳಲ್ಲ. ಪ್ರತಿ ಸಲ ಹತ್ತಿರ ಬರುವಾಗಲೂ ಇಸ್ತ್ರಿಯಮ್ಮ ಮುಖ ಎತ್ತುತ್ತಿದ್ದಳು. ಮಗಳ ಕಣ್ಣು ಚಾದರದ ಮೇಲೆಯೇ ಇರುತ್ತಿತ್ತು. ಗಾಡಿಯಲ್ಲಿ ಇನ್ನೂ ರಾಶಿ ಚಾದರಗಳಿದ್ದವು.